ಪದಚರ್ಚೆ: ‘ಟೈಮಿಂಗ್ ಮುಂದೆ ಹಾಕು’ ಅಂದರೆ ಬೇಗವೋ ತಡವೋ?

ಪ್ರಶ್ನೆ

ಹೆಡ್ ಫೇಸಿಂಗ್ (ಸಿಲಿಂಡರ್ ಹೆಡ್ಡಿನ ಅಡಿಮೈ ಸವರಿ ಸಮ ಮಾಡುವುದು) ಮಾಡಿಸಿ, ವಾಲ್ವು ತೆರೆಯುವ ಕ್ಯಾಮ್ ಬದಲಿಸಿ ಮಲೆನಾಡಿನ ರಸ್ತೆಗಳಲ್ಲಿ ಓಡಿಸುವ ಹಳೇ ಅಂಬಾಸಿಡರ್, ಜೀಪುಗಳ ಮಾಲೀಕರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಶಿವಮೊಗ್ಗದ ಗ್ಯಾರೇಜಿನಲ್ಲಿ ‘ಟೈಮಿಂಗ್ ಸ್ವಲ್ಪ ಮುಂದೆ ಹಾಕು’ ಅಂದರೆ ಅಡ್ವಾನ್ಸ್ ಮಾಡು, ಅಂದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಬೇಗ ಹಾರುವಂತೆ ಮಾಡು ಎಂದೇ ಅರ್ಥ. ಅದೇ ಮಾತನ್ನು ಕಾಗದದ ಮೇಲೆ ಬರೆದರೆ ‘ಮದುವೆ ಮುಂದೆ ಹಾಕಿದರು’ ಎಂಬಂತೆ ಓದಿಸಿಕೊಳ್ಳುತ್ತದೆ. ‘ಮುಂಗಡ ಕಿಡಿ’ ಎನ್ನಬಹುದೇ? ಕಿಡಿಯನ್ನು ತಡ ಮಾಡುವ ರಿಟಾರ್ಡಿಗೆ ‘ನಿಧಾನ’ ಸಾಕೇ? ಅಡ್ವಾನ್ಸ್ ಹೆಚ್ಚಾದಾಗ ಎಂಜಿನ್ ಮಾಡುವ ಸದ್ದಿಗೆ ಒಂದೇ ಪದ ಇದೆಯೇ?

ಉತ್ತರ

ಮೊದಲು ‘ಮುಂಗಡ’ವನ್ನು ಕೈಬಿಡಿ. ಅದು ಅಡಿಕೆ ಮಂಡಿಯಲ್ಲಿ ಕೈಬದಲಾಗುವ ದುಡ್ಡು, ಕಿಡಿಗೂ ಅದಕ್ಕೂ ಸಂಬಂಧವಿಲ್ಲ. ‘ನಿಧಾನ’ವೂ ಬೇಡ. ಓದಿದವರು ಕಾರ್ಬುರೇಟರಿನ ಐಡಲ್ (ನಿಂತಲ್ಲೇ ಓಡುವಾಗಿನ ವೇಗ) ಸ್ಕ್ರೂ ಸಡಿಲಿಸಲು ಹೋಗುತ್ತಾರೆ.

ನಿಜವಾದ ತೊಡಕು ‘ಮುಂದೆ’ಯಲ್ಲಿದೆ. ಕನ್ನಡದಲ್ಲಿ ಇದು ಎರಡೂ ಕಡೆಗೆ ಎಳೆಯುವ ಪದ. ‘ಮುಂದಿನ ವಾರ’, ‘ಮುಂದೂಡು’ ಅಂದಾಗ ಇನ್ನೂ ಬರಬೇಕಾದ ಹೊತ್ತು, ಅಂದರೆ ತಡ. ‘ಗಡಿಯಾರ ಐದು ನಿಮಿಷ ಮುಂದಿದೆ’ ಅಂದಾಗ ಬೇಗ. ಮುಂಗಾರು, ಮುಂಜಾನೆ, ಮುಂಗೋಳಿಗಳಲ್ಲೂ ‘ಮುಂ’ ಅಂದರೆ ಬೇಗವೇ. ಗ್ಯಾರೇಜಿನವರ ಬಳಕೆ ತಪ್ಪಲ್ಲ, ಅದು ಗಡಿಯಾರದ ಸಾಲಿನದು. ಆದರೆ ಅಲ್ಲಿ ಕೈ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮೇಲಿರುತ್ತದೆ, ಕಿವಿ ಎಂಜಿನ್ನಿನ ಮೇಲಿರುತ್ತದೆ. ಪುಸ್ತಕ ಓದುವವರಿಗೆ ಆ ಆಸರೆ ಇಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ಕೆಟ್ಟದು. ‘ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ ತಿರುಗಿಸಿ’ ಎಂದು ಬರೆದರೆ ಒಬ್ಬರು ರೇಡಿಯೇಟರಿನ ಕಡೆಗೆ ತಿರುಗಿಸುತ್ತಾರೆ, ಇನ್ನೊಬ್ಬರು ಅದರೊಳಗಿನ ರೋಟರ್ ತಿರುಗುವ ದಿಕ್ಕಿಗೆ. ರೋಟರಿನ ದಿಕ್ಕಿಗೆ ತಿರುಗಿಸಿದರೆ ಕಿಡಿ ತಡವಾಗುತ್ತದೆ, ಎದುರು ತಿರುಗಿಸಿದರೆ ಬೇಗವಾಗುತ್ತದೆ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನಲ್ಲಿ ಮೇಲಿನಿಂದ ನೋಡಿದರೆ ರೋಟರ್ ಅಪ್ರದಕ್ಷಿಣವಾಗಿ ತಿರುಗುತ್ತದೆ. ಹಾಗಾಗಿ ಡಿಸ್ಟ್ರಿಬ್ಯೂಟರಿನ ಒಡಲನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಅಡ್ವಾನ್ಸ್. ಪ್ರದಕ್ಷಿಣೆ, ಅಪ್ರದಕ್ಷಿಣೆ ಯಾರಿಗೂ ವಿವರಿಸಬೇಕಿಲ್ಲದ ಪದಗಳು, ಅವನ್ನೇ ಧೈರ್ಯವಾಗಿ ಬಳಸಿ.

ಕ್ರಿಯೆಗೆ ನನ್ನ ಸಲಹೆ ‘ಬೇಗ’ ಮತ್ತು ‘ತಡ’. ‘ಕಿಡಿಯನ್ನು 2 ಡಿಗ್ರಿ ಬೇಗ ಮಾಡಿ’, ‘2 ಡಿಗ್ರಿ ತಡ ಮಾಡಿ’. ಅಳತೆ ಹೇಳುವಾಗ ‘ಮುಂಚೆ’: ‘ಪಿಸ್ಟನ್ ಮೇಲ್ಕೊನೆ ಮುಟ್ಟುವುದಕ್ಕೆ 10 ಡಿಗ್ರಿ ಮುಂಚೆ’. ಬೇಗ ಯಾಕೆ ಬೇಕು ಎನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಪದ ತಾನಾಗಿ ನೆಲೆಯೂರುತ್ತದೆ. ಪೆಟ್ರೋಲು, ಗಾಳಿಯ ಮಿಶ್ರಣ ಉರಿದು ಒತ್ತಡ ಏರಲು ಹೊತ್ತು ಬೇಕು. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿದ್ದಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಸುಮಾರು 5 ಡಿಗ್ರಿ ಸರಿಯುತ್ತದೆ, 3000 ಸುತ್ತಿನಲ್ಲಿ 18 ಡಿಗ್ರಿ. ಓಟ ಏರಿದಷ್ಟೂ ಕಿಡಿ ಬೇಗ ಹಾರಬೇಕು. ಡಿಸ್ಟ್ರಿಬ್ಯೂಟರಿನೊಳಗಿನ ತೂಕ, ಸ್ಪ್ರಿಂಗುಗಳ ಕೆಲಸ ಅದೇ.

‘ಡಿಗ್ರಿ’ ಎಂಬ ಪದವನ್ನೂ ಬರಿದಾಗಿ ಬಿಡಬೇಡಿ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು. ಲೂಕಾಸ್ ಕಂಪನಿಯ ಡಿಸ್ಟ್ರಿಬ್ಯೂಟರಿನ ತೂಕದ ಫಲಕದ ಮೇಲೆ 12 ಎಂದಿದ್ದರೆ ಅದು ಕ್ರ್ಯಾಂಕಿನ ಲೆಕ್ಕದಲ್ಲಿ 24. ಐಡಲಿನಲ್ಲಿ ಹಾಕುವ ಮೂಲ ಅಡ್ವಾನ್ಸ್ 10 ಇಟ್ಟರೆ ಒಟ್ಟು 34, ಇಂಥ ಎಂಜಿನ್ನಿಗೆ ಹೊಂದುವ ಅಂಕಿ. ಆದರೆ ಕ್ಯಾಮ್ ಬದಲಿಸಿದ ಎಂಜಿನ್ ಐಡಲಿನಲ್ಲಿ ಹೆಚ್ಚು ಅಡ್ವಾನ್ಸ್ ಬೇಡುತ್ತದೆ. ವಾಲ್ವುಗಳು ಹೆಚ್ಚು ಹೊತ್ತು ತೆರೆದಿರುವುದರಿಂದ ಕಡಿಮೆ ಓಟದಲ್ಲಿ ಸಿಲಿಂಡರ್ ಸರಿಯಾಗಿ ತುಂಬುವುದಿಲ್ಲ, ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಅದಕ್ಕೆಂದು ಮೂಲವನ್ನು 16ಕ್ಕೆ ಏರಿಸಿ ಸುಮ್ಮನಾದರೆ ಒಟ್ಟು 40 ಆಗುತ್ತದೆ. ಹೆಡ್ ಫೇಸಿಂಗಿನಿಂದ ಕಂಪ್ರೆಷನ್ ಏರಿರುವ ಎಂಜಿನ್ನಿಗೆ ಅದು ಅಪಾಯ. ಮೂಲ ಏರಿಸಿದಷ್ಟೂ ತೂಕಗಳ ಚಲನೆಗೆ ತಡೆ ಹಾಕಿ ಒಟ್ಟನ್ನು 32ರಿಂದ 34ರೊಳಗೆ ಹಿಡಿಯಬೇಕು. ಕೈಪಿಡಿಯಲ್ಲಿ ‘ಮೂಲ ಅಡ್ವಾನ್ಸ್’, ‘ಒಟ್ಟು ಅಡ್ವಾನ್ಸ್’ ಎಂಬ ಎರಡು ಹೆಸರುಗಳು ಖಚಿತವಾಗಿರಲಿ. ಪ್ರತಿ ಅಂಕಿಯ ಪಕ್ಕದಲ್ಲಿ ಕ್ರ್ಯಾಂಕ್ ಡಿಗ್ರಿಯೋ ಡಿಸ್ಟ್ರಿಬ್ಯೂಟರ್ ಡಿಗ್ರಿಯೋ ಬರೆದಿರಲಿ.

‘ಟೈಮಿಂಗ್’ ಅಧ್ಯಾಯಕ್ಕಿಂತ ಮೊದಲು ‘ಪಾಯಿಂಟ್ ಗ್ಯಾಪ್’ ಬರಬೇಕು. ಪಾಯಿಂಟ್ ಅಂದರೆ ಡಿಸ್ಟ್ರಿಬ್ಯೂಟರಿನೊಳಗಿನ ಸ್ವಿಚ್ಚು, ಅದು ಬಿಡಿಸಿಕೊಂಡಾಗ ಕಿಡಿ ಹಾರುತ್ತದೆ. ಗ್ಯಾಪ್ ಹಿರಿದಾದರೆ ಪಾಯಿಂಟ್ ಬೇಗ ಬಿಡಿಸಿಕೊಂಡು ಕಿಡಿ ಬೇಗ ಹಾರುತ್ತದೆ. ಪಾಯಿಂಟಿನ ಹಿಮ್ಮಡಿ (ತಿರುಗುವ ದಂಡಕ್ಕೆ ಉಜ್ಜುವ ತುದಿ) ಸವೆದು ಗ್ಯಾಪ್ ಕಿರಿದಾದರೆ ತಡ. ಲೂಕಾಸಿಗೆ 0.38 ಮಿಲಿಮೀಟರ್. ಟೈಮಿಂಗ್ ಹಾಕಿದ ಮೇಲೆ ಗ್ಯಾಪ್ ಮುಟ್ಟಿದರೆ ಮೊದಲಿನ ಕೆಲಸ ಹಾಳು.

ಇನ್ನು ಸದ್ದಿನ ಮಾತು. ‘ಎಂಜಿನ್ ಹೊಡ್ಕೊಳ್ತಿದೆ’ ಎನ್ನುವುದು ಎಲ್ಲ ಸದ್ದಿಗೂ ಬಳಕೆಯಾಗುವುದರಿಂದ ಬರಹಕ್ಕೆ ಸಾಲದು. ಕನ್ನಡದ ಅನುಕರಣ ಪದಗಳು ಇಲ್ಲಿ ಚೆನ್ನಾಗಿ ದುಡಿಯುತ್ತವೆ. ಟ್ಯಾಪೆಟ್ ಸಡಿಲವಾದರೆ ಕಟಕಟ, ಅದು ಐಡಲಿನಲ್ಲೂ ಕೇಳುತ್ತದೆ. ಬೇರಿಂಗ್ ಹೋದರೆ ತಳದಿಂದ ದಡದಡ. ಕಿಡಿ ಬೇಗವಾದರೆ ಕಿಣಿಕಿಣಿ, ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂತೆ, ಅದೂ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು ಹತ್ತುವಾಗ ಗೇರ್ ಇಳಿಸದೆ ಎಳೆಸಿದರೆ ಈ ಸದ್ದು ಸ್ಪಷ್ಟವಾಗಿ ಬರುತ್ತದೆ. ಕಿಣಿಕಿಣಿ ಕೇಳಿದ ಕೂಡಲೇ ಆಕ್ಸಿಲರೇಟರ್ ಬಿಡಬೇಕು, ಆಮೇಲೆ ಕಿಡಿಯನ್ನು 2 ಡಿಗ್ರಿ ತಡ ಮಾಡಬೇಕು. ಕಿಣಿಕಿಣಿ ಬರುತ್ತಿದ್ದರೂ ಹಾಗೇ ಓಡಿಸಿದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುತ್ತದೆ, ಪಿಸ್ಟನ್ ತಲೆಗೆ ತೂತು ಬೀಳುತ್ತದೆ. ತೀರಾ ತಡವಾದರೆ ಸದ್ದೇ ಇರುವುದಿಲ್ಲ. ಪಿಕಪ್ ಸತ್ತು, ಎಕ್ಸಾಸ್ಟ್ ಕೆಂಪಗೆ ಕಾಯ್ದು, ರೇಡಿಯೇಟರ್ ಕುದಿಯುತ್ತದೆ. ಒಂದು ಪದ ತಿರುಗುಮುರುಗಾದರೂ ಎಂಜಿನ್ನಿಗೇ ಪೆಟ್ಟು.

ಮಳೆಗಾಲದ ಬಗ್ಗೆಯೂ ಒಂದು ಎಚ್ಚರಿಕೆ ಸೇರಿಸಿ. ಹೊಸನಗರ, ತೀರ್ಥಹಳ್ಳಿ ಕಡೆಯ ಜಡಿಮಳೆಯಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಕೂತರೆ ಎಂಜಿನ್ ಮಿಸ್ ಹೊಡೆಯುತ್ತದೆ. ಅದು ಟೈಮಿಂಗ್ ದೋಷವಲ್ಲ, ಕ್ಯಾಪ್ ಒರೆಸಿ ಒಣಗಿಸಿದರೆ ಸರಿಹೋಗುತ್ತದೆ.

ಮತ್ತೊಂದು ಉತ್ತರ

ಮುಂಗಾರು, ಹಿಂಗಾರುಗಳ ಜಾಡಿನಲ್ಲೇ ‘ಮುಂಗಿಡಿ’, ‘ಹಿಂಗಿಡಿ’ ಎಂದು ಕಟ್ಟಬಹುದಲ್ಲ? ಮುನ್ನ ಬರುವ ಮಳೆ ಮುಂಗಾರು, ಆಮೇಲಿನದು ಹಿಂಗಾರು, ಅರ್ಥ ಉಲ್ಟಾ ಆಗುವ ಭಯವಿಲ್ಲ. ಸಂಧಿಯೂ ಸರಿಯಾಗಿ ಕೂರುತ್ತದೆ. ಆದರೆ ಹೆಸರಾಗಿ ಮಾತ್ರ, ಅದೂ ಪದಪಟ್ಟಿಯಲ್ಲಿ. ಗ್ಯಾರೇಜಿನಲ್ಲಿ ಹೋಗಿ ‘ಮುಂಗಿಡಿ ಹೆಚ್ಚಿಸಿ’ ಅಂದರೆ ಯಾರಿಗೂ ತಿಳಿಯದು. ಅಲ್ಲಿ ಅಡ್ವಾನ್ಸ್ ಕನ್ನಡದ ಪದವೇ ಆಗಿದೆ. ಸೂಚನೆಯ ವಾಕ್ಯ ಹೀಗಿದ್ದರೆ ಸಾಕು: ‘ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ. ಎಂಜಿನ್ ಐಡಲಿನಲ್ಲಿರಲಿ. ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲಿಸಿ, ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಕೂದಲೆಳೆಯಷ್ಟು ತಿರುಗಿಸಿ. ಟೈಮಿಂಗ್ ಲೈಟಿನಲ್ಲಿ ಗುರುತು ಮೇಲ್ಕೊನೆಗೆ 10 ಕ್ರ್ಯಾಂಕ್ ಡಿಗ್ರಿ ಮುಂಚೆ ಕಂಡಾಗ ಕ್ಲ್ಯಾಂಪ್ ಬಿಗಿಮಾಡಿ, ಬಿಗಿದ ಮೇಲೆ ಮತ್ತೊಮ್ಮೆ ನೋಡಿ.’