ಹಳೇ ಮ್ಯಾಲಥಿಯಾನ್ ಬಾಟಲಿ ಬಳಸಬಹುದೇ? ವಿಷಚಿಕಿತ್ಸೆಯ ವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ತಗಡಿನ ಶೆಡ್‌ನಲ್ಲಿ ಮ್ಯಾಲಥಿಯಾನ್ 50 ಇಸಿ (ನೀರಿಗೆ ಬೆರೆಸಿ ಹೊಡೆಯುವ ಕೀಟನಾಶಕ ದ್ರವ) ಬಾಟಲಿ ಇದೆ. ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿದೆ. ಅವಧಿ ಮುಗಿದ ಮೇಲೂ ಬೇಸಿಗೆಗಳು ಕಳೆದಿವೆ. ವಾಸನೆ ಮೊದಲಿಗಿಂತ ಘಾಟು ಅನ್ನಿಸ್ತಿದೆ. ಹಳೇದಾದರೆ ಪವರ್ ಕಮ್ಮಿಯಾಗಿರುತ್ತೆ, ಸ್ವಲ್ಪ ಜಾಸ್ತಿ ಹಾಕಿ ಹೊಡೆದರಾಯ್ತು ಅಂತ ಗೆಳೆಯರು ಹೇಳ್ತಾರೆ. ಇದು ಹೇಗೂ ಸೌಮ್ಯ ವಿಷ ಅಲ್ವಾ?

ಉತ್ತರ: ನಮಸ್ಕಾರ. ದಯವಿಟ್ಟು ಹೊಡೆಯಬೇಡಿ. ಜಾಸ್ತಿ ಹಾಕುವ ಮಾತಂತೂ ಬೇಡವೇ ಬೇಡ.

ಹಳೇ ಕೀಟನಾಶಕ ಎಂದರೆ ಸತ್ವ ಹೋದ ನೀರು ಎಂದು ತುಂಬ ಜನ ನಂಬಿದ್ದಾರೆ. ಮ್ಯಾಲಥಿಯಾನ್ ವಿಷಯದಲ್ಲಿ ಈ ನಂಬಿಕೆ ಅಪಾಯಕಾರಿ. ಅದರಿಂದ ಕೀಟ ಸಾಯುವುದು ಕಮ್ಮಿಯಾಗಬಹುದು, ಅದೇ ಹೊತ್ತಿಗೆ ಮನುಷ್ಯರಿಗೆ ಅದು ಇನ್ನಷ್ಟು ವಿಷವಾಗಬಹುದು.

ಕಾರಣ ಹೀಗಿದೆ. ಮ್ಯಾಲಥಿಯಾನ್ ಅಣುವಿನ ನಡುವೆ ರಂಜಕ ಇದೆ, ಅದಕ್ಕೆ ಎರಡು ಗಂಧಕ ಅಂಟಿಕೊಂಡಿವೆ. ಬಿಸಿ ಜಾಗದಲ್ಲಿ ಬಹಳ ಕಾಲ ಇಟ್ಟರೆ ಅಣುವಿನ ಒಳಗಿನ ಜೋಡಣೆಯೇ ಬದಲಾಗುತ್ತದೆ. ಸ್ವಲ್ಪ ಭಾಗ ಐಸೊಮ್ಯಾಲಥಿಯಾನ್ ಆಗುತ್ತದೆ. ಪರಮಾಣುಗಳು ಅವೇ, ಎಣಿಕೆಯೂ ಅಷ್ಟೇ, ಕೂತ ಜಾಗ ಮಾತ್ರ ಬೇರೆ. ಈ ಹೊಸ ವಸ್ತು ಮೂಲಕ್ಕಿಂತ ಹೆಚ್ಚು ವಿಷ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ದೇಹದಲ್ಲಿ ಕಾರ್ಬಾಕ್ಸಿಲೆಸ್ಟರೇಸ್ ಎಂಬ ಕಿಣ್ವ ಇದೆ. ಮ್ಯಾಲಥಿಯಾನನ್ನು ಒಡೆದು ನಿರುಪದ್ರವಿ ಮಾಡುವುದು ಅದರ ಕೆಲಸ. ಐಸೊಮ್ಯಾಲಥಿಯಾನ್ ಆ ಕಿಣ್ವವನ್ನೇ ತಡೆದುಬಿಡುತ್ತದೆ. ಮ್ಯಾಲಥಿಯಾನ್‌ಗೆ ಸೌಮ್ಯ ಎಂಬ ಹೆಸರು ಬಂದದ್ದೇ ಆ ಕಿಣ್ವದಿಂದ. ಅದು ಕೈಕೊಟ್ಟರೆ ಸೌಮ್ಯತೆಯೂ ಹೋಯಿತು.

ಇದು ಪ್ರಯೋಗಾಲಯಕ್ಕೆ ಸೀಮಿತವಾದ ಮಾತಲ್ಲ. 1976ರಲ್ಲಿ ಪಾಕಿಸ್ತಾನದ ಮಲೇರಿಯಾ ತಡೆ ಕಾರ್ಯಕ್ರಮದಲ್ಲಿ ಸುಮಾರು 7,500 ಕೆಲಸಗಾರರು ಮ್ಯಾಲಥಿಯಾನ್ ಪುಡಿಯನ್ನು ನೀರಿನಲ್ಲಿ ಕಲಸಿ ಸಿಂಪಡಿಸಿದರು. ಅವರಲ್ಲಿ ಸುಮಾರು 2,800 ಮಂದಿಗೆ ವಿಷ ತಗಲಿತು. 5 ಜನ ತೀರಿಕೊಂಡರು. ಐಸೊಮ್ಯಾಲಥಿಯಾನ್ ಜಾಸ್ತಿ ಇದ್ದ ಪುಡಿ ಮುಟ್ಟಿದವರಿಗೇ ಹೆಚ್ಚು ತೊಂದರೆಯಾಗಿತ್ತು. ಪುಡಿಯನ್ನು ಬರಿಗೈಯಲ್ಲಿ ಕಲಸಿದ್ದು, ಒದ್ದೆ ಬಟ್ಟೆಯಲ್ಲೇ ದಿನವಿಡೀ ಕೆಲಸ ಮಾಡಿದ್ದು ಅದನ್ನು ಇನ್ನಷ್ಟು ಕೆಡಿಸಿತು. ಲೇಬಲ್ ಮೇಲೆ ಇದ್ದದ್ದು ಮ್ಯಾಲಥಿಯಾನ್ ಎಂಬ ಪರಿಚಿತ ಹೆಸರೇ.

ನಿಮ್ಮ ಬಾಟಲಿಯಲ್ಲಿ ಈ ಬದಲಾವಣೆ ಎಷ್ಟಾಗಿದೆ ಎಂದು ವಾಸನೆಯಿಂದ ಹೇಳಲು ಬರುವುದಿಲ್ಲ. ಬಣ್ಣದಿಂದಲೂ ಬರುವುದಿಲ್ಲ. ಮೂಸಿ ನೋಡುವುದನ್ನು ಇವತ್ತಿಗೇ ನಿಲ್ಲಿಸಿ.

ಇನ್ನೊಬ್ಬ ಸದಸ್ಯರು: ತಲೆಹೇನಿಗೆ ಹಚ್ಚುವ ಲೋಷನ್‌ನಲ್ಲೂ ಮ್ಯಾಲಥಿಯಾನ್ ಇರುತ್ತಲ್ಲ ಮೇಡಂ? ಮಕ್ಕಳ ತಲೆಗೇ ಹಚ್ಚಬಹುದಾದರೆ ಇಷ್ಟೊಂದು ಹೆದರಬೇಕಾ?

ಉತ್ತರ: ಲೋಷನ್‌ನಲ್ಲಿ ಇರುವುದು 0.5 ಶೇಕಡಾ. ಬಾಟಲಿಯಲ್ಲಿ ಇರುವುದು 50 ಶೇಕಡಾ, ಅಂದರೆ ನೂರು ಪಟ್ಟು. ಅದರ ಜೊತೆಗೆ ಪೆಟ್ರೋಲಿಯಂ ದ್ರಾವಕ, ನೀರಿನಲ್ಲಿ ಬೆರೆಯಲು ಸೇರಿಸಿದ ರಾಸಾಯನಿಕ ಬೇರೆ. ಔಷಧಿಗೆ ಬಳಸುವುದನ್ನು ಶುದ್ಧ ಮಾಡಿರುತ್ತಾರೆ. ಬೆಳೆಗೆ ಹೊಡೆಯುವುದನ್ನು ಯಾವ ಕಾರಣಕ್ಕೂ ತಲೆಗೆ ಹಚ್ಚಬೇಡಿ. ಹಾಗೆ ಹಚ್ಚಿಸಿಕೊಂಡ ಮಕ್ಕಳು ಉಸಿರುಕಟ್ಟಿ ಆಸ್ಪತ್ರೆ ಸೇರುತ್ತಾರೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನ್ಯಾಯ ಇದೆ. ಆರ್ಗನೊಫಾಸ್ಫೇಟ್ ಎಂಬ ರಂಜಕದ ಕೀಟನಾಶಕಗಳ ಗುಂಪಿಗೆ ಇದು ಸೇರಿದೆ; ಆ ಗುಂಪಿನ ಬೇರೆ ವಿಷಗಳ ಜೊತೆ ಇಟ್ಟು ನೋಡಿದರೆ ಮ್ಯಾಲಥಿಯಾನ್ ಸೌಮ್ಯವೇ. ಬಾಯಿಂದ ಕೊಟ್ಟಾಗ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವನ್ನು ಎಲ್‌ಡಿ 50 ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಪ್ಯಾರಾಥಿಯಾನ್‌ಗೆ ಇದು ದೇಹತೂಕದ ಕಿಲೋಗೆ 13 ಮಿಲಿಗ್ರಾಂ, ಮೊನೊಕ್ರೊಟೊಫಾಸ್‌ಗೆ 14, ಕ್ಲೋರ್‌ಪೈರಿಫಾಸ್‌ಗೆ 135, ಮ್ಯಾಲಥಿಯಾನ್‌ಗೆ ಸುಮಾರು 2,100. ಸಂಖ್ಯೆ ಚಿಕ್ಕದಾದಷ್ಟೂ ವಿಷ ಜಾಸ್ತಿ.

ಈ ಅಂತರ ಎಲ್ಲಿಂದ ಬಂತು? ಮ್ಯಾಲಥಿಯಾನ್ ತಾನಾಗಿ ದೊಡ್ಡ ವಿಷ ಅಲ್ಲ. ದೇಹದ ಒಳಗೆ ಅದರ ಒಂದು ಗಂಧಕದ ಜಾಗಕ್ಕೆ ಆಮ್ಲಜನಕ ಬಂದು ಮ್ಯಾಲಾಕ್ಸಾನ್ ಆಗುತ್ತದೆ. ನಿಜವಾದ ವಿಷ ಅದು. ಕೀಟದಲ್ಲಿ ಈ ಬದಲಾವಣೆ ಚುರುಕು, ಒಡೆಯುವ ಕಿಣ್ವ ಕಮ್ಮಿ. ನಮ್ಮಲ್ಲಿ ಒಡೆಯುವ ಕಿಣ್ವ ಧಾರಾಳ. ಹಾಗಾಗಿ ಬಹುಪಾಲು ಮ್ಯಾಲಥಿಯಾನ್ ಮ್ಯಾಲಾಕ್ಸಾನ್ ಆಗುವ ಮೊದಲೇ ಒಡೆದು ಮೂತ್ರದಲ್ಲಿ ಹೋಗುತ್ತದೆ. ಮ್ಯಾಲಥಿಯಾನ್‌ಗೆ ಬಗ್ಗದ ಕೆಲವು ಕೀಟಗಳೂ ಇದೇ ಕಿಣ್ವದ ಬಲದಿಂದ ಬದುಕುತ್ತವೆ.

ಇಷ್ಟೆಲ್ಲ ಇದ್ದೂ, ಬಾಟಲಿಯಿಂದ ನೇರ ನುಂಗಿದವರು ಸಾಯುತ್ತಾರೆ. ಕಿಣ್ವಕ್ಕೂ ಒಂದು ಮಿತಿ ಇದೆ.

ಪ್ರಶ್ನೆ: ಎರಡು ಕೀಟನಾಶಕ ಬೆರೆಸಿ ಹೊಡೆಯುವವರು ಇದ್ದಾರಲ್ಲ, ಅದರ ಬಗ್ಗೆ?

ಉತ್ತರ: ಲೇಬಲ್‌ನಲ್ಲಿ ಬರೆದಿಲ್ಲ ಎಂದರೆ ಬೆರೆಸಬೇಡಿ. 1957ರಲ್ಲೇ ಇದು ಗೊತ್ತಾಗಿತ್ತು. ಇಪಿಎನ್ ಎಂಬ ಇನ್ನೊಂದು ಕೀಟನಾಶಕವನ್ನು ಮ್ಯಾಲಥಿಯಾನ್ ಜೊತೆ ಕೊಟ್ಟಾಗ, ಪ್ರಾಣಿಗಳಲ್ಲಿ ಎರಡರ ವಿಷ ಕೂಡಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಪರಿಣಾಮ ಕಾಣಿಸಿತು. ಇಪಿಎನ್ ಕೂಡ ಆ ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ಸ್ವಲ್ಪ ಹಿಂದೆ ಹೇಳಿದ ಕಥೆಯೇ, ವಸ್ತು ಮಾತ್ರ ಬೇರೆ.

ಪ್ರಶ್ನೆ: ವಿಷ ತಗಲಿದೆ ಅಂತ ಮೊದಲು ಹೇಗೆ ಗೊತ್ತಾಗುತ್ತೆ? ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕು ಅಂತಾರೆ, ಸರಿಯಾ?

ಉತ್ತರ: ವಾಂತಿ ಮಾಡಿಸಬೇಡಿ. ಇಸಿ ದ್ರವದಲ್ಲಿ ಪೆಟ್ರೋಲಿಯಂ ದ್ರಾವಕ ಇರುತ್ತದೆ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಅದೇ ಒಂದು ದೊಡ್ಡ ಕಾಯಿಲೆ. ಪ್ರಜ್ಞೆ ಮಂಕಾದವರಿಗೆ ಏನನ್ನೂ ಕುಡಿಸಬೇಡಿ.

ಲಕ್ಷಣಗಳು ಯಾಕೆ ಬರುತ್ತವೆ ಎಂದು ತಿಳಿದರೆ ನೆನಪಿಟ್ಟುಕೊಳ್ಳುವುದು ಸುಲಭ. ನರದಿಂದ ಸ್ನಾಯುವಿಗೆ, ಗ್ರಂಥಿಗೆ ಸಂದೇಶ ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ವಸ್ತು. ಕೆಲಸ ಮುಗಿದ ತಕ್ಷಣ ಅದನ್ನು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಒಡೆದುಹಾಕಬೇಕು. ಮ್ಯಾಲಾಕ್ಸಾನ್ ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸಿಬಿಡುತ್ತದೆ. ಸಂದೇಶ ನಿಲ್ಲುವುದೇ ಇಲ್ಲ. ಗ್ರಂಥಿಗಳು ಸುರಿಸುತ್ತಲೇ ಇರುತ್ತವೆ: ಜೊಲ್ಲು, ಕಣ್ಣೀರು, ಬೆವರು, ವಾಂತಿ, ಭೇದಿ, ತಡೆಯಲಾಗದ ಮೂತ್ರ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ, ನೋಟ ಮಂಜಾಗುತ್ತದೆ. ಸ್ನಾಯುಗಳು ಚರ್ಮದ ಕೆಳಗೆ ಅದಿರತೊಡಗುತ್ತವೆ, ಆಮೇಲೆ ಸೋಲುತ್ತವೆ. ಜೀವ ತೆಗೆಯುವುದು ಸಾಮಾನ್ಯವಾಗಿ ಉಸಿರಾಟ. ಶ್ವಾಸಕೋಶದಲ್ಲಿ ಕಫದ ನೀರು ತುಂಬುತ್ತದೆ, ಉಸಿರೆಳೆಯುವ ಸ್ನಾಯುಗಳೂ ಸೋಲುತ್ತವೆ.

ಶುರುವಿನಲ್ಲಿ ಬರೀ ತಲೆನೋವು, ಹೊಟ್ಟೆ ತೊಳಸು, ಬೆವರು ಇರಬಹುದು. ಬಿಸಿಲಿಗೆ ಹೀಗಾಯ್ತು ಎಂದು ನೆರಳಲ್ಲಿ ಮಲಗುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಸಿಂಪಡಿಸಿದ ದಿನ ಹೀಗಾದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಬಟ್ಟೆ ಎಲ್ಲಾ ತೆಗೆದು, ಸೋಪು ಹಾಕಿ ತಲೆಕೂದಲು, ಉಗುರು, ಕಂಕುಳ ಸೇರಿ ಮೈತೊಳೆಯಿರಿ. ತೊಳೆಸುವವರು ಕೈಗವಸು ಹಾಕಿಕೊಳ್ಳಲಿ. ಮೈಯೆಲ್ಲಾ ತೊಳೆದಾಗಲಿ ಎಂದು ಕಾಯುತ್ತ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ. ಬಾಟಲಿಯ ಲೇಬಲ್‌ನ ಫೋಟೋ ತೆಗೆದುಕೊಂಡು ಹೋಗಿ.

ಮರುಪ್ರಶ್ನೆ: ಈ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಔಷಧಿ ಅಟ್ರೋಪಿನ್ ಅಲ್ವಾ, ಅದರ ಮಾತ್ರೆ ಮೊದಲೇ ನುಂಗಿ ಹೊಡೆಯಲು ಹೋಗಬಹುದಾ?

ಉತ್ತರ: ಬೇಡ. ಅಟ್ರೋಪಿನ್ ಬೆವರು, ಜೊಲ್ಲು, ಕಫದಂಥ ಎಚ್ಚರಿಕೆಗಳನ್ನು ಮುಚ್ಚಿಡುತ್ತದೆ. ವಿಷ ಒಳಗೆ ಹೋಗುತ್ತಲೇ ಇರುತ್ತದೆ. ಸ್ನಾಯುಗಳ ಸೋಲಿಗೆ ಅದು ಕೆಲಸವನ್ನೇ ಮಾಡುವುದಿಲ್ಲ.

ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡುವಾಗ ನಾವು ನೋಡುವುದು ಎದೆಯ ಶಬ್ದ, ನಾಡಿ ಮತ್ತು ರಕ್ತದೊತ್ತಡ. ಕಫ ಒಣಗುವವರೆಗೆ ಕೆಲವೇ ನಿಮಿಷಗಳಿಗೊಮ್ಮೆ ಪ್ರಮಾಣ ದುಪ್ಪಟ್ಟು ಮಾಡುತ್ತಾ ಹೋಗುತ್ತೇವೆ. ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧಿ ಕಿಣ್ವವನ್ನು ವಿಷದಿಂದ ಬಿಡಿಸುತ್ತದೆ. ಆದರೆ ಮ್ಯಾಲಥಿಯಾನ್ ಜಾತಿಯ ವಿಷಗಳಲ್ಲಿ ಆ ಅಂಟು ಬೇಗ ಗಟ್ಟಿಯಾಗುತ್ತದೆ. ಸುಮಾರು ನಾಲ್ಕು ಗಂಟೆಗೆ ಅರ್ಧದಷ್ಟು ಕಿಣ್ವ ಬಿಡಿಸಲಾಗದ ಸ್ಥಿತಿಗೆ ಹೋಗುತ್ತದೆ. ಕ್ಲೋರ್‌ಪೈರಿಫಾಸ್ ಜಾತಿಯಲ್ಲಿ ಇದಕ್ಕೆ ಒಂದು ದಿನಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ. ಅದಕ್ಕೇ ಮ್ಯಾಲಥಿಯಾನ್ ನುಂಗಿದವರನ್ನು ಬೆಳಗ್ಗೆ ಕರೆದುಕೊಂಡು ಹೋದರಾಯ್ತು ಎನ್ನಬಾರದು.

ಇನ್ನೊಂದು ವಿಷಯ. ಮೊದಲ ದಿನ ಸುಧಾರಿಸಿದವರಿಗೆ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಎತ್ತಲಾಗದಂತೆ ಸುಸ್ತು ಬಂದು, ಮತ್ತೆ ಉಸಿರು ಸೋಲಬಹುದು. ಚೆನ್ನಾಗಿದ್ದೀನಿ ಎಂದು ಹಟ ಹಿಡಿದು ಮನೆಗೆ ಹೋಗಬೇಡಿ.

ಪ್ರಶ್ನೆ: ಕ್ಯಾನ್ಸರ್ ಬರುತ್ತಾ?

ಉತ್ತರ: 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮ್ಯಾಲಥಿಯಾನನ್ನು 2ಎ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇದೆ ಎನ್ನುವ ಗುಂಪಿಗೆ ಸೇರಿಸಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಭೆ, ಆಹಾರದಲ್ಲಿ ಉಳಿಯುವ ಅಂಶದಿಂದ ಆ ಅಪಾಯ ಬರುವ ಸಂಭವ ಕಡಿಮೆ ಎಂದಿತು. ಮೊದಲನೆಯದು ವಸ್ತುವಿನ ಗುಣದ ಮಾತು, ಎರಡನೆಯದು ತಿನ್ನುವ ಪ್ರಮಾಣದ ಮಾತು. ದಿನಾ ಸಿಂಪಡಿಸುವವರು ಮೊದಲನೆಯದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ನೆಲಕ್ಕೆ ಚೆಲ್ಲಿದರೆ ಬ್ಲೀಚಿಂಗ್ ಪುಡಿ ಹಾಕಬಹುದಾ?

ಉತ್ತರ: ಅದನ್ನು ಮಾತ್ರ ಹಾಕಬೇಡಿ. ಕ್ಲೋರಿನ್ ತಗಲಿದರೆ ಮ್ಯಾಲಥಿಯಾನ್ ಮ್ಯಾಲಾಕ್ಸಾನ್ ಆಗುತ್ತದೆ. ಮೊದಲು ಒಣ ಮಣ್ಣು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ, ಕೈಗವಸು ಹಾಕಿಕೊಂಡು ಚೀಲಕ್ಕೆ ತುಂಬಿ. ಉಳಿದ ಕಲೆಯನ್ನು ವಾಷಿಂಗ್ ಸೋಡಾ ಮತ್ತು ಸೋಪಿನ ನೀರಿನಲ್ಲಿ ಉಜ್ಜಿ. ಕ್ಷಾರದಲ್ಲಿ ಮ್ಯಾಲಥಿಯಾನ್ ಬೇಗ ಒಡೆಯುತ್ತದೆ. ಪಿಎಚ್ 7ರ ನೀರಿನಲ್ಲಿ ಅರ್ಧ ಒಡೆಯಲು ಸುಮಾರು ಒಂದು ವಾರ ಬೇಕು, ಪಿಎಚ್ 9ರಲ್ಲಿ ಅರ್ಧ ದಿನ ಸಾಕು. ಬೆರೆಸಿಟ್ಟ ದ್ರಾವಣವನ್ನು ನಾಳೆಗೆ ಇಡಬಾರದು ಎನ್ನುವುದಕ್ಕೂ ಇದೇ ಕಾರಣ. ತೊಳೆದ ನೀರು ಕೆರೆಗೆ, ಹಳ್ಳಕ್ಕೆ ಹೋಗದಂತೆ ನೋಡಿಕೊಳ್ಳಿ. ಮೀನಿಗೆ, ನೀರಿನ ಹುಳುಗಳಿಗೆ ಇದು ತುಂಬ ವಿಷ. ಜೇನಿಗೂ ಅಷ್ಟೇ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಬಾಟಲಿ ಮುಟ್ಟಲ್ಲ. ಆದರೆ ಅದರ ಕೆಳಗೆ ನನ್ನ ಚರ್ಮದ ಬೂಟು ಇತ್ತು, ಒಂದಕ್ಕೆ ಎಣ್ಣೆ ಥರ ಕಲೆ ಆಗಿದೆ. ತೊಳೆದು ಹಾಕಿಕೊಳ್ಳಬಹುದಾ?

ಉತ್ತರ: ಹಾಗಿದ್ದರೆ ಬಾಟಲಿ ಸೋರುತ್ತಿದೆ. ಕೈಗವಸು ಹಾಕಿಕೊಂಡು ಅದನ್ನು ನೆಟ್ಟಗೆ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬದೊಳಗೆ ಇಟ್ಟು ಮುಚ್ಚಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ, ಲೇಬಲ್ ಕೀಳಬೇಡಿ. ಸುಡಬೇಡಿ, ಹೂಳಬೇಡಿ. ಅವಧಿ ಮುಗಿದ ಕೀಟನಾಶಕ ಯಾರು ವಾಪಸ್ ತೆಗೆದುಕೊಳ್ಳುತ್ತಾರೆ ಎಂದು ಕೃಷಿ ಅಧಿಕಾರಿಗಳನ್ನು ಕೇಳಿ.

ಬೂಟು ಹಾಕಿಕೊಳ್ಳಬೇಡಿ. ಚರ್ಮ ಇದನ್ನು ಹೀರಿಕೊಳ್ಳುತ್ತದೆ, ತೊಳೆದರೂ ಪೂರ್ತಿ ಬಿಡುವುದಿಲ್ಲ. ಕಾಲು ಬೆವರಿದಾಗಲೆಲ್ಲ ಸ್ವಲ್ಪ ಸ್ವಲ್ಪ ಮೈಗೆ ಸೇರುತ್ತದೆ. ಎರಡನ್ನೂ ಚೀಲದಲ್ಲಿ ಕಟ್ಟಿ ಬಾಟಲಿಯ ಜೊತೆಗೇ ಇಡಿ. ಈಚೆಗೆ ಹಾಕಿಕೊಂಡಿದ್ದೀರಾ? ಹಾಕಿಕೊಂಡಿದ್ದರೆ, ತಲೆನೋವು, ಬೆವರು, ಹೊಟ್ಟೆ ತೊಳಸು ಏನಾದರೂ ಇದ್ದರೆ ಈಗಲೇ ಆಸ್ಪತ್ರೆಗೆ ಹೊರಡಿ. ಏನೂ ಇಲ್ಲದಿದ್ದರೂ ಹತ್ತಿರದ ವೈದ್ಯರಿಗೆ ತಿಳಿಸಿ ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಮಾಡಿಸಿ.