ದೊಡ್ಡಪ್ಪನ ಬೀರುವಿನ ಹಳೆಯ ಲೆನ್ಸ್‌ಗಳು: ಹೊಸ ಕ್ಯಾಮೆರಾಕ್ಕೆ ಹಾಕಿಕೊಳ್ಳಬಹುದೇ?

ಪ್ರಶ್ನೆ, ಶಿವಮೊಗ್ಗದಿಂದ

ಊರಿನಲ್ಲಿ ಸ್ಟುಡಿಯೋ ನಡೆಸುತ್ತಿದ್ದ ನಮ್ಮ ದೊಡ್ಡಪ್ಪನವರು ತೀರಿಕೊಂಡ ಮೇಲೆ ಅವರ ಬೀರುವನ್ನು ಖಾಲಿ ಮಾಡುವಾಗ ಮೂರು ಲೆನ್ಸ್‌ಗಳು ಸಿಕ್ಕಿವೆ. ಒಂದು ಝೆನಿಟ್ ಕ್ಯಾಮೆರಾದಲ್ಲಿದ್ದ ಹೀಲಿಯೋಸ್ 44-2. ಇನ್ನೊಂದು ಸೂಪರ್ ಟಕುಮಾರ್ 50 ಮಿ.ಮೀ. ಎಫ್/1.4, ಇದರ ಗಾಜು ಚಹಾದ ಬಣ್ಣಕ್ಕೆ ತಿರುಗಿದೆ. ಮೂರನೆಯದು ಪೆಂಟಾಕ್ಸ್ ಕೆ1000 ಜೊತೆಗಿದ್ದ 50 ಮಿ.ಮೀ. ಎಫ್/2. ನನ್ನಲ್ಲಿರುವುದು ಸೋನಿಯ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ, ಜೊತೆಗೊಂದು ಆಟೋಫೋಕಸ್ 50 ಮಿ.ಮೀ. ಲೆನ್ಸ್. ಮನೆಯ ಸಮಾರಂಭ, ಜಾತ್ರೆ, ಮಕ್ಕಳು, ಇಷ್ಟೇ ನನ್ನ ಛಾಯಾಗ್ರಹಣ. ದೊಡ್ಡಪ್ಪನವರ ನೆನಪಿಗೆಂದು ಇಟ್ಟುಕೊಳ್ಳುವುದು ಬೇರೆ ಮಾತು. ನಿಜವಾಗಿ ಬಳಸುವುದರಿಂದ ಏನಾದರೂ ಸಿಗುತ್ತದೆಯೇ? ಬಳಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಬೆಂಗಳೂರಿನಿಂದ

ಹನ್ನೊಂದು ವರ್ಷಗಳಿಂದ ಹೀಲಿಯೋಸ್ ಬಳಸುತ್ತಿರುವ ನಾನು ಮೊದಲು ಅದರ ಬಗ್ಗೆ ಹೇಳುತ್ತೇನೆ. ಜರ್ಮನಿಯ ಯೆನಾದಲ್ಲಿ ತಯಾರಾಗುತ್ತಿದ್ದ ಝೈಸ್ ಬಯೋಟಾರ್ 58 ಮಿ.ಮೀ. ಎಫ್/2 ಲೆನ್ಸಿನ ವಿನ್ಯಾಸವನ್ನು ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದವರು ತಮ್ಮದಾಗಿಸಿಕೊಂಡು, ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್ ಮೊದಲಾದ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ತಯಾರಿಸಿದ ಲೆನ್ಸ್ ಇದು. ಇದರ ಹಿಂಬದಿಯಲ್ಲಿರುವುದು ಎಂ42 ಎಂಬ ತಿರುಪು. ಈ ತಿರುಪಿನ ಲೆನ್ಸ್‌ಗಳು ಫಿಲಂನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕೆಂದು ಲೆಕ್ಕ ಹಾಕಿ ಮಾಡಿದವು. ಕನ್ನಡಿಯಿಲ್ಲದ ನಿಮ್ಮ ಕ್ಯಾಮೆರಾದಲ್ಲಿ ಆ ದೂರ ಕೇವಲ 18 ಮಿ.ಮೀ. ಆದ್ದರಿಂದ ನಡುವಿನ ಸುಮಾರು 27 ಮಿ.ಮೀ. ತುಂಬಲು ಗಾಜಿಲ್ಲದ ಒಂದು ಲೋಹದ ಕೊಳವೆ ಸಾಕು. ಅಡಾಪ್ಟರ್ ಎಂದು ಮಾರುವುದು ಅದನ್ನೇ. ಒಳಗೆ ಗಾಜಿರುವ ಅಡಾಪ್ಟರನ್ನು ಯಾರಾದರೂ ತೋರಿಸಿದರೆ ಬೇಡವೆನ್ನಿ, ನಿಮಗೆ ಅದರ ಅಗತ್ಯವಿಲ್ಲ.

ಹಾಕಿದ ಕೂಡಲೇ ಕ್ಯಾಮೆರಾ ಚಿತ್ರ ತೆಗೆಯಲು ನಿರಾಕರಿಸಬಹುದು, ಏಕೆಂದರೆ ವಿದ್ಯುತ್ ಸಂಪರ್ಕವಿಲ್ಲದ ಲೆನ್ಸ್ ಅದರ ಪಾಲಿಗೆ ಇಲ್ಲದಂತೆಯೇ. ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡಬೇಕೆಂಬ ಆಯ್ಕೆ ಮೆನುವಿನಲ್ಲಿದೆ, ಅದನ್ನು ಚಾಲೂ ಮಾಡಿ. ಬಾಡಿಯಲ್ಲಿ ಕೈನಡುಕವನ್ನು ಸರಿದೂಗಿಸುವ ಸ್ಟೆಬಿಲೈಸೇಶನ್ ಇದ್ದರೆ ಅಲ್ಲಿ ಲೆನ್ಸಿನ ಮಿ.ಮೀ. ಅಳತೆಯಾಗಿ 58 ಎಂದು ಕೈಯಾರೆ ನಮೂದಿಸಿ. ಫೋಕಸ್ ಆದ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಪೀಕಿಂಗ್ ಅನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಚಿತ್ರವನ್ನು ಹಿಗ್ಗಿಸಿ ಕಣ್ಣಿನ ರೆಪ್ಪೆ ನೋಡಿ ಫೋಕಸ್ ಮಾಡುವುದೇ ಸರಿ.

ಲೆನ್ಸಿನ ಮುಂಭಾಗದಲ್ಲಿ ಎರಡು ಉಂಗುರಗಳಿರುವುದನ್ನು ನೀವು ಗಮನಿಸಿರಬಹುದು. ಒಂದರಲ್ಲಿ ಬೇಕಾದ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಿಂಡಿಯ ಅಳತೆಯನ್ನು, ಉದಾಹರಣೆಗೆ ಎಫ್/4 ಅನ್ನು, ನಿಗದಿ ಮಾಡಿಡಬೇಕು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಎರಡನೆಯದನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಅದು ತಾನೇ ನಿಲ್ಲುವವರೆಗೆ ತಿರುಗಿಸಿ ಚಿತ್ರ ತೆಗೆಯಬೇಕು. ಎರಡನೆಯ ಉಂಗುರದಲ್ಲಿ ಟಿಕ್ ಎಂಬ ಸದ್ದಿಲ್ಲ; ಒಳಗಿನ ಎಂಟು ಅಲಗುಗಳು ಹೂವು ಮುಚ್ಚಿದಂತೆ ಮೆಲ್ಲಗೆ ಮುಚ್ಚಿಕೊಳ್ಳುತ್ತವೆ.

ಜನ ಮೆಚ್ಚುವುದು ಇದರ ಸುಳಿಯನ್ನು. ಎಫ್/2 ರಲ್ಲಿ ಒಂದೂವರೆ, ಎರಡು ಮೀಟರ್ ದೂರದಲ್ಲಿ ವ್ಯಕ್ತಿಯನ್ನು ನಿಲ್ಲಿಸಿ, ಅವರ ಹಿಂದೆ ಸಾಕಷ್ಟು ದೂರದಲ್ಲಿ ಹೊಂಗೆ ಮರದಂಥ ಎಲೆ ಬೆಳಕು ಬೆರೆತ ಹಿನ್ನೆಲೆ ಸಿಕ್ಕರೆ ಇಡೀ ಮರ ಮುಖದ ಸುತ್ತ ತಿರುಗಿದಂತೆ ಕಾಣುತ್ತದೆ. ಚಿತ್ರದ ಅಂಚಿಗೆ ಹೋಗುವ ಬೆಳಕಿನ ಒಂದು ಪಾಲನ್ನು ಲೆನ್ಸಿನ ಕೊಳವೆಯೇ ತಡೆಯುವುದರಿಂದ ಅಲ್ಲಿನ ಮಸುಕು ಚುಕ್ಕೆಗಳು ದುಂಡಗಿರದೆ ಬಾದಾಮಿಯ ಆಕಾರ ತಾಳಿ ನಡುಭಾಗದ ಸುತ್ತ ಸಾಲುಗಟ್ಟುತ್ತವೆ. ಅಂದರೆ ಇದು ದೋಷ. ಹೊಸ ಲೆನ್ಸ್ ಮಾಡುವವರು ಶ್ರಮಪಟ್ಟು ತಗ್ಗಿಸುವ ದೋಷವನ್ನು ನಾವು ಹುಡುಕಿಕೊಂಡು ಹೋಗುತ್ತೇವೆ. ಯಾವ ದೋಷ, ಯಾವ ಚಿತ್ರಕ್ಕೆ ಎಂಬುದು ನಿಮಗೆ ಗೊತ್ತಿದ್ದರೆ ಹಳೆಯ ಲೆನ್ಸ್ ಕೈಗೆ ಬಂತೆಂದೇ ಅರ್ಥ. ಗೊತ್ತಿಲ್ಲದೆ ಎಲ್ಲ ಚಿತ್ರಕ್ಕೂ ಸುಳಿ ಹಾಕಿದರೆ ನೋಡುವವರಿಗೆ ತಲೆ ಸುತ್ತುತ್ತದೆ, ನಾನೂ ಮೊದಲ ವರ್ಷ ಅದನ್ನೇ ಮಾಡಿದ್ದೆ. ಫುಲ್ ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಅಂಚನ್ನು ಕತ್ತರಿಸಿಬಿಡುವುದರಿಂದ ಅದರಲ್ಲಿ ಸುಳಿ ಬಹಳ ತಗ್ಗುತ್ತದೆ. ನಿಮ್ಮದು ಫುಲ್ ಫ್ರೇಮ್ ಆದ್ದರಿಂದ ಆ ಚಿಂತೆಯಿಲ್ಲ.

ಹುಬ್ಬಳ್ಳಿಯಿಂದ

ನಾನು ಮದುವೆ ಛಾಯಾಗ್ರಾಹಕ, ಆದ್ದರಿಂದ ತುಸು ತಣ್ಣೀರು ಹಾಕುತ್ತೇನೆ. ಎಫ್/1.4 ರಲ್ಲಿ ಒಂದು ಮೀಟರ್ ದೂರಕ್ಕೆ ಫೋಕಸ್ ಮಾಡಿದಾಗ 50 ಮಿ.ಮೀ. ಲೆನ್ಸಿನಲ್ಲಿ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 3 ಸೆಂ.ಮೀ. ಮಾತ್ರ. ಅಕ್ಷತೆ ಬೀಳುವ ಹೊತ್ತಿಗೆ ವಧು ತಲೆಯನ್ನು ಅಷ್ಟು ಅಲುಗಿಸಿದರೆ ಸಾಕು, ಕಣ್ಣು ಹೋಗಿ ಕಿವಿಯ ಓಲೆ ಸ್ಪಷ್ಟವಾಗುತ್ತದೆ. ಮಾಂಗಲ್ಯಧಾರಣೆ ಇನ್ನೊಮ್ಮೆ ನಡೆಯುವುದಿಲ್ಲ. ನನ್ನ ತಂಗಿಯ ಮಗನ ನಾಮಕರಣದಲ್ಲಿ ಹಟಹಿಡಿದು ಹಳೆಯ ಲೆನ್ಸೊಂದನ್ನೇ ಬಳಸಿ, ಕಿವಿಯಲ್ಲಿ ಹೆಸರು ಹೇಳುವ ಕ್ಷಣದ ಆರು ಚಿತ್ರಗಳಲ್ಲಿ ಆರನ್ನೂ ಮಸುಕು ಮಾಡಿಕೊಂಡಿದ್ದೇನೆ. ತಂಗಿ ಇಂದಿಗೂ ಆಡಿಕೊಳ್ಳುತ್ತಾಳೆ.

ಸಮಾರಂಭಕ್ಕೆ ನಿಮ್ಮ ಆಟೋಫೋಕಸ್ ಲೆನ್ಸೇ ಇರಲಿ. ಹಳೆಯದನ್ನು ಮರುದಿನ ಬೆಳಿಗ್ಗೆ ಹೊರತೆಗೆಯಿರಿ, ಚಪ್ಪರ ಬಿಚ್ಚುತ್ತಿರುವಾಗ, ಅಜ್ಜಿ ಎಲೆಯಡಿಕೆ ಹಾಕಿಕೊಂಡು ಗೋಡೆಗೆ ಒರಗಿರುವಾಗ. ಆಗ ಯಾರಿಗೂ ಅವಸರವಿರುವುದಿಲ್ಲ.

ಮಂಗಳೂರಿನಿಂದ

ನಮ್ಮ ಕರಾವಳಿಯವರಿಗೆ ಹಳೆಯ ಲೆನ್ಸ್ ಎಂದರೆ ಮೊದಲು ನೆನಪಾಗುವುದು ಫಂಗಸ್. ಶಿವಮೊಗ್ಗದ ಮಳೆಗಾಲವೂ ಕಡಿಮೆಯದೇನಲ್ಲ. ಅಪರ್ಚರನ್ನು ಪೂರ್ತಿ ತೆರೆದು, ಕತ್ತಲೆ ಕೋಣೆಯಲ್ಲಿ ಹಿಂಬದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಗಾಜಿನ ಅಂಚಿನಿಂದ ಹರಡಿದ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಎರಡು ಗಾಜುಗಳನ್ನು ಕೂಡಿಸಿದ ಅಂಟು ಬಿಟ್ಟಿದೆ. ಎಲ್ಲೆಡೆ ಸಮನಾದ ಮಬ್ಬು ಇದ್ದರೆ ಗ್ರೀಸಿನ ಆವಿ ಕೂತಿರುವ ಸಾಧ್ಯತೆಯೇ ಹೆಚ್ಚು. ಒಂದೆರಡು ಧೂಳಿನ ಕಣಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಫಂಗಸ್ ಬಹುಕಾಲ ಉಳಿದರೆ ಗಾಜಿನ ಮೇಲಿನ ಲೇಪನವನ್ನೇ ಕೊರೆಯುತ್ತದೆ, ಒರೆಸಿದರೂ ಗುರುತು ಉಳಿಯುತ್ತದೆ. ಬೀರುವಿನಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ 40 ರಿಂದ 50 ಶೇಕಡಾ ಇದ್ದರೆ ಸಾಕು.

ನನ್ನದೊಂದು ಲೆನ್ಸನ್ನು ರಿಪೇರಿಗೆ ಕೊಟ್ಟಾಗ ಶುಚಿಯಾಗಿಯೇ ಮರಳಿ ಬಂತು, ಆದರೆ ಫೋಕಸ್ ಕೊಳವೆಯ ತಿರುಪನ್ನು ತಪ್ಪಾಗಿ ಕೂರಿಸಿದ್ದರಿಂದ ದೂರದ ಬೆಟ್ಟ ಎಂದೂ ಸ್ಪಷ್ಟವಾಗಲಿಲ್ಲ. ಬಿಚ್ಚುವ ಮೊದಲು ತಿರುಪಿನ ಆರಂಭ ಎಲ್ಲಿತ್ತೆಂದು ಗುರುತು ಹಾಕಿಕೊಳ್ಳುವವರಿಗೆ ಮಾತ್ರ ಕೊಡಿ.

ಇಷ್ಟಾದರೂ ಏಕೆ ಬಿಡುವುದಿಲ್ಲ ಎಂದರೆ, ನಾನು ಯಕ್ಷಗಾನದ ಚೌಕಿಯಲ್ಲಿ ವಿಡಿಯೋ ಮಾಡುತ್ತೇನೆ. ಕಲಾವಿದರು ಕೈಗನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವಾಗ ಫೋಕಸ್ ಕನ್ನಡಿಯೊಳಗಿನ ಮುಖದಿಂದ ಹೊರಗಿನ ಮುಖಕ್ಕೆ ಬರಬೇಕು. ಹೊಸ ಲೆನ್ಸಿನ ಉಂಗುರ ಹೆಚ್ಚಾಗಿ ಮೋಟಾರಿಗೆ ಆಜ್ಞೆ ಕೊಡುವ ಗುಂಡಿಯಷ್ಟೇ. ಬೇಗ ತಿರುಗಿಸಿದರೆ ಒಂದು ದೂರ, ನಿಧಾನವಾಗಿ ತಿರುಗಿಸಿದರೆ ಇನ್ನೊಂದು ದೂರ. ನನ್ನ 55 ಮಿ.ಮೀ. ಟಕುಮಾರಿನಲ್ಲಿ ಎರಡು ಕಡೆ ಪೆನ್ಸಿಲಿನ ಗುರುತು ಹಾಕಿ, ಆ ಗುರುತಿನಿಂದ ಈ ಗುರುತಿಗೆ ಹೆಬ್ಬೆರಳಿನಲ್ಲೇ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ತಲೆಯ ಮೇಲಿನ ಬಲ್ಬಿನ ಬೆಳಕು ಹಳೆಯ ಲೇಪನದೊಳಗೆ ಚದುರಿ ನೆರಳುಗಳನ್ನು ತುಸು ಮೇಲೆತ್ತುವುದರಿಂದ ಕಪ್ಪು ಬಣ್ಣ ಬಳಿದ ಮುಖದಲ್ಲೂ ವಿವರ ಉಳಿಯುತ್ತದೆ.

ಮೈಸೂರಿನಿಂದ

ಚಹಾದ ಬಣ್ಣದ ಟಕುಮಾರ್ ಕೆಟ್ಟಿಲ್ಲ. ಬೆಳಕನ್ನು ಹೆಚ್ಚು ಬಾಗಿಸಿಯೂ ಬಣ್ಣಗಳನ್ನು ಹೆಚ್ಚು ಚದುರಿಸದ ಗಾಜು ಬೇಕೆಂದು ಆ ಕಾಲದಲ್ಲಿ ಕೆಲವು ಲೆನ್ಸ್‌ಗಳ ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸುತ್ತಿದ್ದರು. ಥೋರಿಯಂ ವಿಕಿರಣಶೀಲ, ಅದರ ವಿಕಿರಣವೇ ದಶಕಗಳಲ್ಲಿ ಗಾಜನ್ನು ಹಳದಿಯಾಗಿಸುತ್ತದೆ. ಅತಿನೇರಳೆ ಬೆಳಕು ಬಿದ್ದರೆ ಆ ಬಣ್ಣ ಮರಳಿ ತಿಳಿಯಾಗುತ್ತದೆ. ನಾನು ಲೋಹದ ಭಾಗಕ್ಕೆ ಬಿಸಿ ತಾಗದಂತೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಹಳದಿ ಗಾಜಿರುವ ಹಿಂಬದಿಯನ್ನು ಬಿಸಿಲಿಗೆ ಮಾಡಿ, ಮುಂಬದಿಯ ಮುಚ್ಚಳ ತೆಗೆಯದೆ ಕೆಲವು ವಾರ ಕಿಟಕಿಯಲ್ಲಿ ಇಟ್ಟಿದ್ದೆ. ಎರಡೂ ಮುಚ್ಚಳ ತೆಗೆದಿಟ್ಟರೆ ಅದು ಭೂತಗನ್ನಡಿಯಾಗಿ ಪರದೆಗೆ ಬೆಂಕಿ ಹಚ್ಚೀತು, ಎಚ್ಚರ. ಕೈಯಲ್ಲಿ ಹಿಡಿದು ಚಿತ್ರ ತೆಗೆಯಲು ಹೆದರಬೇಕಾಗಿಲ್ಲ. ಗಾಜನ್ನು ಉಜ್ಜುವುದು, ಒಡೆಯುವುದು, ಕಣ್ಣಿಗೆ ಒತ್ತಿಹಿಡಿದು ನೋಡುವುದು ಮಾತ್ರ ಬೇಡ. ಲೆನ್ಸಿನ ಪಕ್ಕದಲ್ಲಿರುವ ಎ-ಎಂ (ಆಟೋ-ಮ್ಯಾನುಯಲ್) ಸ್ವಿಚ್ಚನ್ನು ಎಂ ಕಡೆಗೆ ತಳ್ಳಿ, ಇಲ್ಲದಿದ್ದರೆ ಅಪರ್ಚರ್ ಮುಚ್ಚುವುದೇ ಇಲ್ಲ.

ಧಾರವಾಡದಿಂದ

ಇದನ್ನು ಓದುತ್ತಿರುವ ನಿಕಾನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ) ಬಳಕೆದಾರರಿಗೆ ಒಂದು ಮಾತು. ನಮ್ಮ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರಿಗೆ ಇರುವ ದೂರ 46.5 ಮಿ.ಮೀ. ಆಗಿರುವುದರಿಂದ ಎಂ42 ಲೆನ್ಸ್ ಹಾಕಿದರೆ ಹತ್ತಿರದ್ದು ಮಾತ್ರ ಫೋಕಸ್ ಆಗುತ್ತದೆ. ಹಳೆಯ ನಿಕಾನ್ ಲೆನ್ಸ್‌ಗಳನ್ನೇ ಹುಡುಕಿ, ಆದರೆ 1977ರಲ್ಲಿ ಲೆನ್ಸಿನ ಅಪರ್ಚರನ್ನು ಬಾಡಿಗೆ ತಿಳಿಸುವ ನಿಕಾನಿನ ಎಐ ಪದ್ಧತಿ ಬರುವುದಕ್ಕೆ ಮೊದಲಿನವನ್ನು ಒತ್ತಿ ಹಾಕಿದರೆ ಹಲವು ಬಾಡಿಗಳ ಸಣ್ಣ ಲಿವರ್ ಮುರಿಯಬಹುದು.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಅವಸರದಲ್ಲಿ ಎಂ42 ಅಡಾಪ್ಟರ್ ಒಂದನ್ನೇ ತರಿಸಿ, ಕೆ1000ರ ಲೆನ್ಸ್ ತಿರುಪಿನದಲ್ಲ, ಅದಕ್ಕೆ ಪೆಂಟಾಕ್ಸ್ ಕೆ ಅಡಾಪ್ಟರ್ ಬೇರೆಯೇ ಬೇಕೆಂದು ಆಮೇಲೆ ತಿಳಿದುಕೊಂಡೆ. ಟಾರ್ಚ್ ಬಿಟ್ಟಾಗ ಅದರೊಳಗೆ ಎಳೆಗಳೂ ಕಂಡವು, ಸದ್ಯಕ್ಕೆ ಪ್ರತ್ಯೇಕ ಡಬ್ಬಿಗೆ ಹಾಕಿದ್ದೇನೆ. ಹೀಲಿಯೋಸಿನಲ್ಲಿ ಹಿತ್ತಲಿನ ನುಗ್ಗೆ ಮರದ ಮುಂದೆ ದೊಡ್ಡಮ್ಮನವರ ಚಿತ್ರ ತೆಗೆದೆ. ಫೋಕಸ್ ಸಿಗದೆ ನಾನು ಉಂಗುರವನ್ನು ಆಚೆ ಈಚೆ ತಿರುಗಿಸುತ್ತಿದ್ದುದನ್ನು ಕಂಡು ಅವರು, "ನಿಮ್ಮ ದೊಡ್ಡಪ್ಪನೂ ಹೀಗೇ ಕಾಯಿಸ್ತಿದ್ರು" ಎಂದು ನಕ್ಕರು, ಆ ನಗು ಸಿಕ್ಕಿತು. ಟಕುಮಾರ್ ಕಿಟಕಿಗೆ ಹೋಗಿ ಇಂದಿಗೆ ಹನ್ನೆರಡು ದಿನ. ಬಿಳಿ ಹಾಳೆಯ ಮೇಲಿಟ್ಟು ನೋಡಿದರೆ ಚಹಾದ ಬಣ್ಣ ನಿಂಬೆಯ ಬಣ್ಣಕ್ಕೆ ಇಳಿದಿದೆ. ಮಳೆ ಬಿಡುವು ಕೊಟ್ಟರೆ ಇನ್ನೊಂದು ವಾರ ಅಲ್ಲೇ ಇಡುತ್ತೇನೆ.