ಸಹಾಯ ಬೇಕು: ಅಮ್ಮನಿಗೆ ಎದ್ದು ನಿಂತರೆ ತಲೆಸುತ್ತು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 78 ವರ್ಷ, ಮೈಸೂರಿನಲ್ಲಿದ್ದೇವೆ. ಮೊನ್ನೆ ಬೆಳಗ್ಗೆ ಬಚ್ಚಲುಮನೆ ಬಾಗಿಲ ಚಿಲಕ ಹಿಡಿದುಕೊಂಡೇ ಕುಸಿದು ಕೂತರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಬಿಪಿ ನೋಡಿದರೆ ಮಲಗಿದ್ದಾಗ 142, ಎದ್ದು ನಿಂತ ಮೇಲೆ 112. ನಿಂತಾಗ 20ಕ್ಕಿಂತ ಜಾಸ್ತಿ ಇಳಿದರೆ ಬೀಳುವ ಭಯ ಇರುತ್ತದೆ ಎಂದು ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದ್ದಾರೆ. ಏಳುವ ಮೊದಲು ಎರಡು ನಿಮಿಷ ಮಂಚದ ಅಂಚಿನಲ್ಲಿ ಕೂರಬೇಕು, ನೀರು ಚೆನ್ನಾಗಿ ಕುಡಿಯಬೇಕು ಎಂದಿದ್ದಾರೆ.

ಕಷ್ಟ ಇರುವುದು ನೀರಿನದ್ದೇ. ರಾತ್ರಿ ಪದೇಪದೇ ಏಳಬೇಕಲ್ಲ ಅಂತ ಅಮ್ಮ ಮಧ್ಯಾಹ್ನದ ಮೇಲೆ ಲೋಟವನ್ನೇ ಮುಟ್ಟುವುದಿಲ್ಲ. ಬಲವಂತ ಮಾಡಿದರೆ ಕಣ್ಣಲ್ಲಿ ನೀರು. ನಿಮ್ಮ ಮನೆ ಹಿರಿಯರಿಗೆ ಹೇಗೆ ಕುಡಿಸಿದಿರಿ, ದಯವಿಟ್ಟು ಹೇಳಿ. ಬಚ್ಚಲುಮನೆ ಗೋಡೆಗೆ ಗಟ್ಟಿಯಾಗಿ ಹಿಡಿಕೆ ಹಾಕಿಕೊಡುವವರು ಮೈಸೂರಲ್ಲಿ ಗೊತ್ತಿದ್ದರೂ ತಿಳಿಸಿ. ಈ ವಾರವೇ ಹಾಕಿಸಬೇಕು.